ಕೊನೆಯ ಪದರವನ್ನಷ್ಟೇ ಕಿತ್ತೆ: ಸಫೋಕ್‌ನ ಹಳ್ಳಿಮನೆಯೊಂದರ ದುರಸ್ತಿಯಲ್ಲಿ ನನ್ನ ಅನುಭವ

ಐದುನೂರು ವರ್ಷ ಹಳೆಯದಾದ, ಓಕ್ ಮರದ ಚೌಕಟ್ಟಿನ ಇಂಗ್ಲಿಷ್ ಹಳ್ಳಿಮನೆಯನ್ನು ಗೋಡೆಗೆ ರಾಸಾಯನಿಕ ಚುಚ್ಚದೆ, ಒಳಗಡೆ ಜಲನಿರೋಧಕ ಬಳಿಯದೆ ಒಣಗಿಸಬಹುದು ಎಂದು ನಾನು ಹೇಳಿದಾಗ ನಂಬಿದವರು ಬೆರಳೆಣಿಕೆಯಷ್ಟು ಮಂದಿ. ಸರ್ವೇಯರ್ ಹುಬ್ಬೇರಿಸಿದರು, ಬಿಲ್ಡರ್ ತಲೆಯಾಡಿಸಿದರು, ನನ್ನ ಜೊತೆ ಸಿವಿಲ್ ಓದಿದ ಗೆಳೆಯರು ಬೆಂಗಳೂರಿನಿಂದಲೇ ಫೋನಿನಲ್ಲಿ ಬುದ್ಧಿ ಹೇಳಿದರು. ಈಗ ಕೆಲವು ಚಳಿಗಾಲಗಳು ಕಳೆದಿವೆ. ಮನೆಯ ತಳತೊಲೆಯ (ಗೋಡೆಯ ಬುಡದಲ್ಲಿ ಮಲಗಿಸಿದ, ಚೌಕಟ್ಟನ್ನು ಹೊತ್ತ ತೊಲೆ) ತೇವಾಂಶ ಶೇ. 28ರ ಆಸುಪಾಸಿನಲ್ಲಿದ್ದದ್ದು 17ಕ್ಕೆ ಇಳಿದು ಅಲ್ಲಿಯೇ ನಿಂತಿದೆ, ಮೂಲೆಗಳ ಬೂಷ್ಟು ಮರಳಿ ಬಂದಿಲ್ಲ. ನಾನು ಅನುಸರಿಸಿದ ವಿಧಾನ ಹೊಸದೇನಲ್ಲ. ಮನೆಯ ಯಾವ ಭಾಗ ಯಾವ ಶತಮಾನದ್ದು ಎಂಬುದನ್ನು ಮೊದಲು ಓದಿಕೊಂಡು, ಆಯಾ ಕಾಲದ ಭಾಗವನ್ನು ಆಯಾ ಕಾಲದ ಸಾಮಗ್ರಿಯಿಂದಲೇ ದುರಸ್ತಿ ಮಾಡಿ, ಇಪ್ಪತ್ತನೆಯ ಶತಮಾನ ಮೇಲಿನಿಂದ ಹೊದಿಸಿದ್ದ ಪದರವೊಂದನ್ನೇ ಕಿತ್ತು ಹಾಕಿದೆ. ಇದೇ ಬಗೆಯ ಕೆಲಸದಲ್ಲಿರುವವರಿಗೆ ಪ್ರಯೋಜನವಾಗಬಹುದೆಂದು, ಸುಣ್ಣ ಮತ್ತು ಮರಗೆಲಸದ ಮೂಲಪಾಠಗಳನ್ನು ಬಿಟ್ಟು, ನಡೆದದ್ದನ್ನಷ್ಟೇ ಬರೆಯುತ್ತಿದ್ದೇನೆ.

ಮನೆ ಇರುವುದು ಇಂಗ್ಲೆಂಡಿನ ಪೂರ್ವಕ್ಕಿರುವ ಸಫೋಕ್ ಸೀಮೆಯಲ್ಲಿ, ಲ್ಯಾವೆನ್‌ಹ್ಯಾಮ್‌ನಿಂದ ಕಾರಿನಲ್ಲಿ ಅರ್ಧ ಗಂಟೆಯ ದಾರಿಯ ಒಂದು ಸಣ್ಣ ಹಳ್ಳಿಯಲ್ಲಿ. ಹದಿನೈದು ಮತ್ತು ಹದಿನಾರನೆಯ ಶತಮಾನಗಳಲ್ಲಿ ಉಣ್ಣೆಬಟ್ಟೆಯ ವ್ಯಾಪಾರದಿಂದ ಈ ಸೀಮೆಗೆ ಹಣ ಹರಿದು ಬಂದಿತು. ಆ ಹಣದಲ್ಲಿ ಎದ್ದ ಮರದ ಮನೆಗಳು, ಮುಂದೆ ಆ ವ್ಯಾಪಾರ ಕುಸಿದು ಹೊಸದಾಗಿ ಕಟ್ಟಲು ಯಾರ ಕೈಯಲ್ಲೂ ಕಾಸಿಲ್ಲದ ಕಾರಣಕ್ಕೇ ಉಳಿದುಕೊಂಡವು. ಉಳಿದುಕೊಂಡರೂ ಇದ್ದಂತೆಯೇ ಇರಲಿಲ್ಲ; ಪ್ರತಿ ತಲೆಮಾರೂ ತನ್ನ ಅಗತ್ಯಕ್ಕೆ ತಕ್ಕಂತೆ ಒಂದು ಕಡೆ ಕೊಯ್ದು ಇನ್ನೊಂದು ಕಡೆ ಕೂಡಿಸಿತು. ಕೊಂಡಾಗ ಹೊರಗಿನಿಂದ ನೋಡಿದರೆ ನನ್ನ ಮನೆ ಬಿಳಿ ಸಿಮೆಂಟ್ ಗಿಲಾವಿನ, ತುಸು ಸೊಟ್ಟಗಿರುವ ಉದ್ದನೆಯ ಕಟ್ಟಡವಾಗಿತ್ತು. ಅದರೊಳಗೆ ಕನಿಷ್ಠ ಐದು ಕಾಲದ ಮನೆಗಳಿವೆ ಎಂಬುದು ಕೊಳ್ಳುವಾಗ ದಲ್ಲಾಳಿಗೂ ಗೊತ್ತಿರಲಿಲ್ಲ. ಸಂರಕ್ಷಿತ ಹಳೆಯ ಕಟ್ಟಡಗಳ ಸರ್ಕಾರಿ ಪಟ್ಟಿಯಲ್ಲಿ ಗ್ರೇಡ್ ಎರಡರಲ್ಲಿರುವ ಕಟ್ಟಡವಾದ್ದರಿಂದ 1990ರ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಅದರ ಸ್ವರೂಪ ಬದಲಿಸುವುದು ಅಪರಾಧ. ಅನುಮತಿಯ ಅರ್ಜಿಗೆ ಶುಲ್ಕವಿಲ್ಲ, ಆದರೆ ಅರ್ಜಿಯ ಜೊತೆ ಕೊಡಬೇಕಾದ ನಕ್ಷೆಗಳಿಗೂ ವರದಿಗಳಿಗೂ ಸಾಕಷ್ಟು ಹಣ ಬೇಕು. ಆ ನಕ್ಷೆಗಳನ್ನು ನಾನೇ ಬರೆದೆ, ಮತ್ತು ಇಡೀ ಕೆಲಸ ನೇರವಾದದ್ದು ಆ ನಕ್ಷೆಗಳಿಂದಲೇ.

ಇಂಥ ಮನೆಯನ್ನು ಓದುವುದನ್ನು ಅಟ್ಟದಿಂದ ಆರಂಭಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಳಗಿನ ಕೋಣೆಗಳನ್ನು ಪ್ರತಿಯೊಬ್ಬರೂ ಬದಲಿಸಿರುತ್ತಾರೆ, ಮಾಡಿನ ಒಳಗೆ ಹೋಗಿ ಕೈಯಾಡಿಸುವವರು ಕಡಿಮೆ. ನನ್ನ ಮನೆಯ ನಡುಭಾಗದ ಎರಡು ಅಂಕಣಗಳ ಪಕ್ಕಾಸುಗಳು ಕಪ್ಪಾಗಿವೆ. ನಾನು ಮಲೆನಾಡಿನವನು. ಒಲೆಯ ಮೇಲಿನ ಅಟ್ಟದಲ್ಲಿ ದಶಕಗಟ್ಟಲೆ ಹೊಗೆ ಕುಡಿದ ಜಂತೆಯ ಹೊಳಪು ಹೇಗಿರುತ್ತದೆಂದು ಚಿಕ್ಕಂದಿನಿಂದ ಕಂಡವನಾದ್ದರಿಂದ, ಟಾರ್ಚ್ ಹಾಕಿದ ಕೂಡಲೇ ಇದು ಬೆಂಕಿ ಬಿದ್ದು ಸುಟ್ಟ ಕಪ್ಪಲ್ಲ, ಒಲೆಯ ಹೊಗೆಯಿಂದ ಕಟ್ಟಿದ ಕಪ್ಪು ಎಂದು ಗುರುತಿಸಿದೆ. ಸುಟ್ಟ ಮರದ ಮೈ ಬಿರುಕು ಬಿಟ್ಟು ಇದ್ದಿಲಾಗಿರುತ್ತದೆ. ಹೊಗೆ ಹಿಡಿದ ಮರದ ಅಂಚುಗಳು ಚೂಪಾಗಿಯೇ ಇದ್ದು ಮೇಲೆ ಅಂಟಂಟಾದ, ಹೊಳೆಯುವ ಪೊರೆ ಇರುತ್ತದೆ. ಹಾಗಾದರೆ ಈ ಭಾಗ ಒಂದು ಕಾಲದಲ್ಲಿ ನೆಲದಿಂದ ಮಾಡಿನವರೆಗೆ ತೆರೆದಿದ್ದ ಹಾಲ್. ನಡುವೆ ನೆಲದ ಮೇಲೆಯೇ ಬೆಂಕಿ ಉರಿಯುತ್ತಿತ್ತು, ಚಿಮಣಿ ಇರಲಿಲ್ಲ, ಹೊಗೆ ಮಾಡಿನ ತುದಿಯ ಸಂದಿಗಳಿಂದ ಹೊರಹೋಗುತ್ತಿತ್ತು.

ಅದಕ್ಕಿಂತ ಮುಖ್ಯವಾದದ್ದು, ಹಾಲ್‌ಗೂ ಅದರ ಕೆಳತುದಿಯ ಅಂಕಣಕ್ಕೂ ನಡುವೆ ಇರುವ ಮುಚ್ಚುಗೋಡೆ. ಅಟ್ಟದಲ್ಲಿ ಆ ಗೋಡೆಯ ಹಾಲ್ ಕಡೆಯ ಮುಖದಲ್ಲಿ ಇಲ್ಲಣ ದಪ್ಪಗೆ ಹಿಡಿದಿದೆ. ಹಿಂದಿನ ಮುಖದಲ್ಲಿ ತಡಿಕೆಗೆ ಮೆತ್ತಿದ ಮಣ್ಣು ಇಂದಿಗೂ ಬೂದುಹಳದಿ ಬಣ್ಣದಲ್ಲಿ ಶುಭ್ರವಾಗಿದೆ, ಅದರ ಮೇಲೆ ಕೈಬೆರಳುಗಳು ಎಳೆದ ಗೀರುಗಳಿವೆ. ಹೊಗೆ ಈ ಗೋಡೆಯನ್ನು ದಾಟಿಲ್ಲ, ಅಂದರೆ ಗೋಡೆ ಹಾಲ್‌ನ ಜೊತೆಯಲ್ಲಿಯೇ ಎದ್ದದ್ದು. ಪೂರ್ವ ತುದಿಯ ಅಡ್ಡಕಟ್ಟಡದ ಮಾಡಿನಲ್ಲಿ ಒಂದೇ ಒಂದು ಕಪ್ಪು ಪಕ್ಕಾಸೂ ಇಲ್ಲ, ಆದ್ದರಿಂದ ಅದು ಬೆಂಕಿಯ ಜಾಗ ಬದಲಾದ ಮೇಲೆ ಬಂದದ್ದು ಎಂದು ಊಹಿಸಿದೆ. ಇಷ್ಟು ತಿಳಿಯಲು ಬೇಕಾದದ್ದು ಒಂದು ಟಾರ್ಚ್, ಒಂದು ಹಳೆಯ ಅಂಗಿ ಮತ್ತು ಬಾವಲಿಗಳನ್ನು ಕದಡದಂತೆ ಹೋಗುವ ಎಚ್ಚರಿಕೆ. ಬಾವಲಿಗಳ ಸಮೀಕ್ಷೆಗೆ ನಾನೂರು ಪೌಂಡ್‌ನಷ್ಟು ಖರ್ಚಾಯಿತು, ಅದನ್ನು ತಪ್ಪಿಸುವಂತಿಲ್ಲ.

ಅಟ್ಟದಿಂದ ಇಳಿದು ಮರದ ಮೇಲಿನ ಗೂಡುಗಳನ್ನೂ (ಇನ್ನೊಂದು ಮರದ ತುದಿ ಕೂರಲು ಕೊರೆದ ಕುಳಿಗಳು) ಆಣಿಗಳನ್ನೂ ಒಂದೊಂದಾಗಿ ನಕ್ಷೆಗೆ ಏರಿಸಿದೆ. ಹಾಲ್‌ನ ಮೇಲಿನ ಗೋಡೆತೊಲೆಯ ತಳದಲ್ಲಿ ವಜ್ರಾಕಾರದ ಸಣ್ಣ ಗುಂಡಿಗಳ ಸಾಲು ಮತ್ತು ಅದರ ಪಕ್ಕದಲ್ಲಿ ಉದ್ದನೆಯ ತೋಡು ಸಿಕ್ಕಿತು. ಗುಂಡಿಗಳು ಗಾಜಿಲ್ಲದ ಕಿಟಕಿಯ ಮರದ ಸರಳುಗಳದು, ತೋಡು ಜಾರುವ ಕದದ್ದು. ಅಡ್ಡತೊಲೆಯ ತಳದಲ್ಲಿ ಖಾಲಿ ಬಿದ್ದ ಗೂಡುಗಳು ಎಲ್ಲಿ ಕಂಬಗಳಿದ್ದವು, ಎಲ್ಲಿ ಬಾಗಿಲುಗಳಿದ್ದವು ಎಂಬುದನ್ನು ತೋರಿಸಿದವು. ಕೆಳತುದಿಯಲ್ಲಿ ಒತ್ತಿಗೆ ಒತ್ತಿ ಎರಡು ಬಾಗಿಲುಗಳ ಗುರುತು: ಒಂದು ಪಾನೀಯದ ಉಗ್ರಾಣಕ್ಕೆ, ಇನ್ನೊಂದು ರೊಟ್ಟಿ ಮತ್ತು ದಿನಸಿಯ ಉಗ್ರಾಣಕ್ಕೆ. ಅವುಗಳ ಮುಂದೆ ಮನೆಯನ್ನು ಅಡ್ಡವಾಗಿ ದಾಟುವ ಓಣಿ, ಎರಡೂ ಕಡೆ ಹೊರಬಾಗಿಲು. ಮೇಲ್ತುದಿಯಲ್ಲಿ ಯಜಮಾನನ ಮೇಜಿನ ಜಾಗ. ಬಡಗಿಗಳು ಮರದ ಆಣಿಗಳನ್ನು ಚೌಕಟ್ಟಿನ ಚೆಲುವಾದ ಮುಖದಿಂದ ಹೊಡೆಯುತ್ತಿದ್ದರು. ನನ್ನ ಹಾಲ್‌ನ ನಡುಚೌಕಟ್ಟಿನ ಆಣಿಗಳೆಲ್ಲ ಯಜಮಾನನ ಕಡೆಯಿಂದ ಹೊಡೆದವು. ಕಂಬ ಮತ್ತು ತೊಲೆ ಕೂಡುವಲ್ಲಿ ರೋಮನ್ ಅಂಕಿಗಳ ಗೀರುಗಳಿವೆ. ಚೌಕಟ್ಟನ್ನು ಅಂಗಳದಲ್ಲಿ ಜೋಡಿಸಿ ನೋಡಿ, ಗುರುತು ಹಾಕಿ, ಬಿಚ್ಚಿ ತಂದು ನಿಲ್ಲಿಸಿದ್ದರೆಂಬುದಕ್ಕೆ ಅವೇ ಸಾಕ್ಷಿ. ನಾಲ್ಕನೆಯ ಅಂಕಿಯ ಕಂಬ ಈಗ ಇದ್ದ ಜಾಗದಲ್ಲಿಲ್ಲ, ಹಿತ್ತಿಲ ಕಡೆಯ ಕೊಟ್ಟಿಗೆಯಲ್ಲಿ ಅಡ್ಡತೊಲೆಯಾಗಿ ಕೂತಿದೆ. ಅದನ್ನು ಪತ್ತೆ ಹಚ್ಚಿದ್ದಕ್ಕೆ ನನಗೆ ಇಂದಿಗೂ ಹೆಮ್ಮೆಯಿದೆ.

ತೆರೆದ ಹಾಲ್ ಹೇಗಿರುತ್ತಿತ್ತೆಂದು ಕಣ್ಣಾರೆ ನೋಡಬೇಕೆನ್ನುವವರು ಸಸೆಕ್ಸ್‌ನ ಸಿಂಗಲ್‌ಟನ್‌ನಲ್ಲಿರುವ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಕೆಂಟ್‌ನಲ್ಲಿ ಜಲಾಶಯ ಕಟ್ಟುವಾಗ ಬಿಚ್ಚಿ ತಂದು ನಿಲ್ಲಿಸಿದ ಬೇಲೀಫ್ ಎಂಬ ಹದಿನೈದನೆಯ ಶತಮಾನದ ಮನೆ ಅಲ್ಲಿದೆ. ನಂತರದ ಬದಲಾವಣೆಗಳನ್ನು ತೆಗೆದು ಅದನ್ನು ಹಳೆಯ ರೂಪಕ್ಕೆ ತಂದಿದ್ದಾರೆ. ವಸ್ತುಸಂಗ್ರಹಾಲಯದಲ್ಲಿ ಅದು ಸರಿ, ಆದರೆ ವಾಸದ ಮನೆಯಲ್ಲಿ ಹಾಗೆ ಮಾಡಬಾರದು ಎಂಬುದೇ ನನ್ನ ನಿಲುವು. ನನ್ನ ಹಾಲ್‌ನ ನಡುವೆ ಹಾಕಿದ ಮಹಡಿಯನ್ನು ಕಿತ್ತರೆ ಮಾಡು ಕಾಣುತ್ತದೆ, ನಿಜ; ನಾನೂರು ವರ್ಷ ಜನ ಮಲಗಿದ ಮಹಡಿ ಹೋಗುತ್ತದೆ.

ಆ ಮಹಡಿ ಮತ್ತು ಚಿಮಣಿ ಒಟ್ಟಿಗೆ ಬಂದವು ಎಂಬುದು ನನ್ನ ಓದು. ಹದಿನಾರನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಹಳ್ಳಿಗಳಲ್ಲಿ ಇಟ್ಟಿಗೆಯ ಚಿಮಣಿ ಸಾಮಾನ್ಯವಾಗತೊಡಗಿತು. ಹೊಗೆಗೆ ದಾರಿ ಸಿಕ್ಕಿದ ಮೇಲೆ ಹಾಲ್‌ನ ಮೇಲ್ಭಾಗ ಖಾಲಿಯಾಗಿರಬೇಕಾದ ಕಾರಣವೇ ಉಳಿಯಲಿಲ್ಲ. ನನ್ನ ಮನೆಯಲ್ಲಿ ಚಿಮಣಿಯನ್ನು ಅಡ್ಡ ಓಣಿಯ ಮೇಲೆಯೇ ನಿಲ್ಲಿಸಿದ್ದಾರೆ. ಹಾಗಾಗಿ ಓಣಿ ಮುಚ್ಚಿಹೋಗಿ, ಮುಂಬಾಗಿಲು ತೆರೆದರೆ ಎದುರಿಗೆ ಇಟ್ಟಿಗೆಯ ಗೋಡೆ, ಎಡಕ್ಕೊಂದು ಕೋಣೆ, ಬಲಕ್ಕೊಂದು ಕೋಣೆ. ಈ ಇಟ್ಟಿಗೆಗಳ ದಪ್ಪ ಎರಡು ಅಂಗುಲದ ಸುತ್ತಮುತ್ತ, ಒಂದರಂತೆ ಇನ್ನೊಂದಿಲ್ಲ. ಮಹಡಿಯನ್ನು ಹೊತ್ತ ದೊಡ್ಡ ತೊಲೆಯ ಅಂಚುಗಳನ್ನು ಇಳಿಜಾರಾಗಿ ಕೆತ್ತಿ, ತುದಿಗಳಲ್ಲಿ ಕುರಿಯ ನಾಲಿಗೆಯಾಕಾರದ ಮುಕ್ತಾಯ ಕೊಟ್ಟಿದ್ದಾರೆ. ಒಂದು ತುದಿಯ ಮುಕ್ತಾಯ ಗೋಡೆಯೊಳಗೆ ಅರ್ಧ ಹುದುಗಿದೆ, ಆದ್ದರಿಂದ ಆ ಗೋಡೆ ತೊಲೆಗಿಂತ ಈಚಿನದು. ಇಂಥ ಒಂದು ಅಂಗುಲದ ಸಾಕ್ಷ್ಯ ಸಿಕ್ಕಿದಾಗ ಆಗುವ ಸಂತೋಷ ಈ ಕೆಲಸದಲ್ಲಿರುವವರಿಗೆ ಹೇಳಬೇಕಾಗಿಲ್ಲ.

ಚಿಮಣಿಯ ಒಳಚಾಚಿನ ಮೇಲೆ, ಮಸಿಯ ನಡುವೆ, ಮಗುವೊಂದರ ಒಂಟಿ ಚರ್ಮದ ಬೂಟು ಸಿಕ್ಕಿತು. ಹಿಮ್ಮಡಿ ಸವೆದಿತ್ತು, ಹೆಬ್ಬೆರಳಿನ ಜಾಗದಲ್ಲಿ ತೇಪೆ ಹಾಕಿತ್ತು. ಹಳೆಯ ಮನೆಗಳ ಚಿಮಣಿಗಳಲ್ಲಿ ಸವೆದ ಬೂಟುಗಳನ್ನು ಹೀಗೆ ಬಚ್ಚಿಡುವ ರೂಢಿ ಇತ್ತು, ನಾರ್ಥಾಂಪ್ಟನ್ ವಸ್ತುಸಂಗ್ರಹಾಲಯ ಇಂಥವುಗಳ ಪಟ್ಟಿಯನ್ನೇ ಇಟ್ಟಿದೆ. ಫೋಟೊ ತೆಗೆದು, ಅಳತೆ ಬರೆದುಕೊಂಡು, ಬೂಟನ್ನು ಇದ್ದಲ್ಲಿಯೇ ಇಟ್ಟೆ. ಬೆಂಕಿಗೂಡಿನ ಮೇಲಿನ ಓಕ್ ತೊಲೆಯಲ್ಲಿ ಕಣ್ಣೀರಿನ ಹನಿಯಾಕಾರದ ಸುಟ್ಟ ಗುರುತುಗಳೂ ಇವೆ. ಮರಳುಕಾಗದ ಹಿಡಿದು ತೊಲೆಯನ್ನು ಉಜ್ಜಲು ಹೊರಟಿದ್ದ ಕೆಲಸಗಾರನನ್ನು ಅಂದು ತಡೆಯದಿದ್ದರೆ ಅವೂ ಉಳಿಯುತ್ತಿರಲಿಲ್ಲ.

ಪೂರ್ವದ ಅಡ್ಡಕಟ್ಟಡ ಸುಮಾರು 1600ರ ಆಚೀಚೆಯದು. ಮೇಲಿನ ಮಹಡಿ ಬೀದಿಯ ಕಡೆಗೆ ಒಂದೂವರೆ ಅಡಿ ಚಾಚಿಕೊಂಡಿತ್ತು. ಹದಿನೆಂಟನೆಯ ಶತಮಾನದಲ್ಲಿ ಅದರಡಿಗೆ ಇಟ್ಟಿಗೆಯ ತೆಳುಗೋಡೆ ಕಟ್ಟಿ, ಮೇಲೆ ಕೆಳಗೆ ಜಾರುವ ಸ್ಯಾಶ್ ಕಿಟಕಿಗಳನ್ನು ಕೂರಿಸಿ, ಮರದ ಮನೆಯನ್ನು ಇಟ್ಟಿಗೆಯ ಮನೆಯಂತೆ ಕಾಣಿಸಿದ್ದಾರೆ. ಈ ಭಾಗದಲ್ಲಿ ಮುಚ್ಚಿದ ಕಿಟಕಿಯೊಂದಿದೆ. ಬಂದವರೆಲ್ಲ ಅದನ್ನು ನೋಡಿ, ಕಿಟಕಿಗಳ ಲೆಕ್ಕಕ್ಕೆ ಹಾಕುತ್ತಿದ್ದ ಕಿಟಕಿ ತೆರಿಗೆಯನ್ನು ತಪ್ಪಿಸಲು ಮುಚ್ಚಿದ್ದು ಎಂಬ ಕಥೆ ಹೇಳುತ್ತಾರೆ. 1696ರಿಂದ 1851ರವರೆಗೆ ಆ ತೆರಿಗೆ ಇದ್ದದ್ದು ನಿಜ, ಆದರೆ ನನ್ನ ಕಿಟಕಿ ಮುಚ್ಚಿದ್ದು ಅದರಿಂದಲ್ಲ. ಮುಚ್ಚಿದ ತಡಿಕೆಯ ಮೇಲೆಯೇ ಹದಿನೇಳನೆಯ ಶತಮಾನದ ಬಣ್ಣದ ಚಿತ್ತಾರದ ಅಂಚೊಂದು ಹಾದುಹೋಗಿದೆ. ಒಳಗೆ ಹೊಸ ಮೆಟ್ಟಿಲು ಬಂದಾಗ ಕಿಟಕಿ ಹೋಗಿದೆ, ಅಷ್ಟೇ. ಮುಚ್ಚಿದ ಕಿಟಕಿ ಕಂಡಲ್ಲೆಲ್ಲ ತೆರಿಗೆಯನ್ನು ಕಾಣುವ ಅಭ್ಯಾಸ ಬಿಡಬೇಕು. ಮರ ಏನು ಹೇಳುತ್ತದೆಂದು ಮೊದಲು ನೋಡಬೇಕು. ಗಿಲಾವು ಒಡೆಯುವ ಮೊದಲೇ ಆ ಕಿಟಕಿ ಅಲ್ಲಿದೆಯೆಂದು ಹೇಗೆ ಕಂಡುಹಿಡಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಯಾವ ಯಂತ್ರವೂ ಬೇಕಿಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಮನೆಯ ದೆಸೆ ಕೆಟ್ಟಿತು. ಒಂದೇ ಮನೆಯನ್ನು ಮೂರು ಪಾಲು ಮಾಡಿ ಕೂಲಿಕಾರರ ಕುಟುಂಬಗಳಿಗೆ ಬಾಡಿಗೆಗೆ ಕೊಟ್ಟರು. ಮೂರು ಬಾಗಿಲು, ಮೂರು ಮೆಟ್ಟಿಲು, ಹಾಲ್‌ನ ನಡುವೆ ರೀಪು ಮತ್ತು ಗಾರೆಯ ಗೋಡೆ, ಹಿತ್ತಿಲಿಗೆ ಒತ್ತಿನ ಕೊಟ್ಟಿಗೆ. ಕೊಟ್ಟಿಗೆಯ ಗೋಡೆಗಳು ಸುಡದ ಮಣ್ಣಿನ ಗಟ್ಟಿಗಳದು, ಒಂದೊಂದೂ ಸುಮಾರು ಹದಿನೆಂಟು ಅಂಗುಲ ಉದ್ದ, ಒಂಬತ್ತು ಅಗಲ, ಆರು ದಪ್ಪ. ಸಫೋಕ್ ಮತ್ತು ನಾರ್ಫೋಕ್‌ನಲ್ಲಿ ಆ ಕಾಲದ ಬಡವರ ಮನೆಗಳಲ್ಲಿ ಇದು ಸಾಮಾನ್ಯ. ಕೊನೆಗೆ, ನೆರೆಯವರ ನೆನಪಿನ ಪ್ರಕಾರ 1970ರ ದಶಕದಲ್ಲಿ, ಮೂರು ಪಾಲನ್ನು ಮತ್ತೆ ಒಂದು ಮಾಡಿ, ಹೊರಗೆಲ್ಲ ತಂತಿಬಲೆ ಹೊಡೆದು ಸಿಮೆಂಟ್ ಗಿಲಾವು, ಒಳಗೆ ಜಿಪ್ಸಮ್, ನೆಲಕ್ಕೆ ಪ್ಲಾಸ್ಟಿಕ್ ಹಾಳೆಯ ಮೇಲೆ ಕಾಂಕ್ರೀಟ್, ತೊಲೆಗಳಿಗೆ ಕಪ್ಪು ಬಣ್ಣ. ನಾಲ್ಕೂವರೆ ಶತಮಾನದಲ್ಲಿ ಆಗದ ಹಾನಿ ಐವತ್ತು ವರ್ಷಗಳಲ್ಲಿ ಆದದ್ದು ಈ ಪದರದಿಂದ.

ಇಲ್ಲಿ ಹಣ ಪೋಲಾದ ಒಂದು ಪ್ರಸಂಗವನ್ನು ಹೇಳಬೇಕು. ಮರದಲ್ಲಿ ವರ್ಷಕ್ಕೊಂದರಂತೆ ಮೂಡುವ ಬಳೆಗಳ ಅಗಲವನ್ನು ಅಳೆದು, ಕಾಲ ಗೊತ್ತಿರುವ ಮರಗಳ ಬಳೆಗಳಿಗೆ ಹೋಲಿಸಿ ಕಾಲ ನಿರ್ಣಯಿಸುವ ಪರೀಕ್ಷೆಗೆ ಸುಮಾರು ಒಂದೂವರೆ ಸಾವಿರ ಪೌಂಡ್ ಕೊಟ್ಟೆ. ಓಕ್ ಹಸಿಯಾಗಿದ್ದಾಗಲೇ ಕೊಯ್ದು ಕಟ್ಟುತ್ತಿದ್ದರಾದ್ದರಿಂದ, ತೊಗಟೆಯ ಅಂಚು ಉಳಿದಿದ್ದರೆ ಮರ ಕಡಿದ ವರ್ಷವೇ ಹೆಚ್ಚುಕಡಿಮೆ ಮನೆ ಕಟ್ಟಿದ ವರ್ಷ. ಆದರೆ ಪರೀಕ್ಷೆಗೆ ಸಾಮಾನ್ಯವಾಗಿ ಐವತ್ತಕ್ಕಿಂತ ಹೆಚ್ಚು ಬಳೆಗಳು ಬೇಕು, ಈ ಸೀಮೆಯ ಓಕ್ ಬೇಗ ಬೆಳೆದ ಮರ. ನನ್ನ ಹಾಲ್‌ನ ಕಂಬಗಳಲ್ಲಿ ಒಂದಡಿ ದಪ್ಪಕ್ಕೆ ಮೂವತ್ತು, ಮೂವತ್ತೈದು ಬಳೆಗಳು. ವರದಿಯಲ್ಲಿ ಕಾಲ ನಿರ್ಣಯ ಸಾಧ್ಯವಿಲ್ಲ ಎಂದು ಬಂತು. ಮಾದರಿ ತೆಗೆಯುವ ಮೊದಲು ತೊಲೆಯ ಕೊಯ್ದ ತುದಿಗಳಲ್ಲಿ ಬಳೆಗಳನ್ನು ಎಣಿಸಿಕೊಡುವಂತೆ ಕೇಳುವುದು ಮೇಲು. ಆ ಮುಂಗಡ ತಪಾಸಣೆಗೆ ತಗಲುವ ಖರ್ಚು ಅತ್ಯಲ್ಪ. ಮರಗಳನ್ನು ಉದ್ದಕ್ಕೆ ಜೋಡಿಸಿದ ಬೆಸುಗೆಯ ಬಗೆ, ಮಾಡಿನ ನಡುಗಂಬದ ಆಕಾರ ಮತ್ತು ಹೊಗೆ, ಈ ಮೂರರಿಂದ ಹಾಲ್ ಹದಿನೈದನೆಯ ಶತಮಾನದ ಕೊನೆಯದೆಂದು ನಾನು ನಂಬುತ್ತೇನೆ. ನೋಡಲು ಬಂದ ಅನುಭವಿ ಬಡಗಿಗಳೂ ಒಪ್ಪಿದ್ದಾರೆ.

ಈಗ ತೇವದ ವಿಷಯ. ಕೊಂಡ ವರ್ಷ ಮೂರು ಕಡೆಯಿಂದ ಅಂದಾಜು ಪಟ್ಟಿ ತರಿಸಿದೆ. ಮೂರರಲ್ಲೂ ಒಂದೇ ಮಾತು: ಗೋಡೆಯ ಬುಡಕ್ಕೆ ರಂಧ್ರ ಕೊರೆದು ರಾಸಾಯನಿಕ ಚುಚ್ಚಬೇಕು, ಒಳಗೆ ಒಂದು ಮೀಟರ್ ಎತ್ತರಕ್ಕೆ ಜಲನಿರೋಧಕ ಗಾರೆ ಬಳಿಯಬೇಕು. ಹನ್ನೆರಡರಿಂದ ಹದಿನಾಲ್ಕು ಸಾವಿರ ಪೌಂಡ್. ಎಲ್ಲರೂ ಎರಡು ಮುಳ್ಳಿನ ಮೀಟರನ್ನು ಗಿಲಾವಿಗೆ ಒತ್ತಿ ಕೆಂಪು ದೀಪ ತೋರಿಸಿದರು. ಆ ಮೀಟರಿನ ಅಂಕಿ ಮರಕ್ಕೆ ಹೊಂದಿಸಿದ್ದು, ಉಪ್ಪಿರುವ ಗಾರೆಗೆ ಒತ್ತಿದರೆ ಅದು ಕೆಂಪಾಗಲೇಬೇಕು. ನಾನು ಅದೇ ಬಗೆಯ ಮೀಟರ್ ಕೊಂಡು ತಳತೊಲೆಯ ಮರಕ್ಕೇ, ಗುರುತು ಹಾಕಿಟ್ಟ ಕೆಲವು ಜಾಗಗಳಲ್ಲಿ, ಪ್ರತಿ ತಿಂಗಳ ಮೊದಲ ವಾರ ಒತ್ತಿ ನೋಡಿದೆ. ನೀರು ನೆಲದಿಂದ ಏರುತ್ತಿದ್ದರೆ ಎಲ್ಲ ಜಾಗದಲ್ಲೂ ಹತ್ತಿರಹತ್ತಿರದ ಅಂಕಿ ಬರಬೇಕಿತ್ತು. ಬಂದದ್ದು ಬೇರೆ: ಸಿಮೆಂಟ್ ಗಿಲಾವು ಬಿರುಕು ಬಿಟ್ಟ ಕೆಳಗೆಲ್ಲ ಹೆಚ್ಚು, ಹದಿನೆಂಟನೆಯ ಶತಮಾನದ ಇಟ್ಟಿಗೆಗೋಡೆಯ ಹಿಂದೆ ಕಡಿಮೆ. ನಕ್ಷೆಯ ಮೇಲೆ ಅಂಕಿಗಳನ್ನು ಬರೆದಾಗ ತೇವದ ಗಡಿಗಳು ಕಾಲಘಟ್ಟಗಳ ಗಡಿಗಳ ಮೇಲೆಯೇ ಬಂದು ಕೂತವು. ಮರದ ಚೌಕಟ್ಟು ಋತುಋತುವಿಗೆ ಅಲುಗುತ್ತದೆ, ಸಿಮೆಂಟ್ ಅಲುಗುವುದಿಲ್ಲ, ಬಿರುಕು ಬಿಡುತ್ತದೆ, ಮಳೆ ಒಳಗೆ ಇಳಿಯುತ್ತದೆ, ಹೊರಬರಲು ದಾರಿಯಿಲ್ಲದೆ ತಳತೊಲೆಯ ಮೇಲೆ ನಿಲ್ಲುತ್ತದೆ. ಆ ನಕ್ಷೆಯನ್ನು ಅರ್ಜಿಯ ಜೊತೆ ಇಟ್ಟೆ. ಸಂರಕ್ಷಣಾ ಅಧಿಕಾರಿ ಅದನ್ನು ನೋಡಿದ ಮೇಲೆ ಹೆಚ್ಚು ಪ್ರಶ್ನೆ ಕೇಳಲಿಲ್ಲ.

ಸಿಮೆಂಟ್ ಕೀಳುವ ಕೆಲಸ ನೆನೆಸಿಕೊಂಡಷ್ಟು ಸುಲಭವಲ್ಲ. ಯಂತ್ರದ ಉಳಿ ಬಳಸಿದರೆ ಹಿಂದಿನ ತಡಿಕೆಯೇ ಕುಸಿಯುತ್ತದೆ. ತಂತಿಬಲೆಯನ್ನು ಅಂಚಿನಿಂದ ಕತ್ತರಿಸಿ, ಹಲಗೆಯಗಲದ ತುಂಡುಗಳಾಗಿ ಮುಂದಕ್ಕೆ ಎಳೆದು ಬಿಡಿಸುವುದೇ ಸರಿಯಾದ ದಾರಿ. ಉತ್ತರದ ಗೋಡೆಯಲ್ಲಿ ಒಂದು ತುಂಡು ಬಿಚ್ಚಿದಾಗ ತಳತೊಲೆ ಹಿಟ್ಟಿನಂತೆ ಕೈಗೆ ಬಂತು. ಹೊರಗಿನ ನಾಲ್ಕು ಅಂಗುಲ ಪೂರ್ತಿ ಹೋಗಿತ್ತು, ಒಳಗಿನ ಚೇಗು ಮಾತ್ರ ಗಟ್ಟಿಯಾಗಿತ್ತು. ಎಂಜಿನಿಯರೊಬ್ಬರು ಉಕ್ಕಿನ ತೊಲೆ ಕೂರಿಸಿ ಎಂದರು. ಉಕ್ಕು ತಣ್ಣಗಿರುತ್ತದೆ, ಅದರ ಮೇಲೆ ಇಬ್ಬನಿ ಕಟ್ಟಿ ಪಕ್ಕದ ಓಕ್ ಮತ್ತೆ ಕೊಳೆಯುತ್ತದೆ ಎಂದು ವಾದಿಸಿ, ಕೊಳೆತದ್ದನ್ನಷ್ಟೇ ಕೊಯ್ದು, ಗಾಳಿಯಲ್ಲಿ ಒಣಗಿದ ಓಕ್‌ನಿಂದ ಹಳೆಯ ಬಗೆಯ ಬೆಸುಗೆ ಹಾಕಿಸಿದೆ. ಬಡಗಿಗೆ ಒಂಬತ್ತು ಸಾವಿರದಷ್ಟಾಯಿತು. ಹೊರಗಿನ ನೆಲ ಶತಮಾನಗಳಲ್ಲಿ ಏರಿ ತಳತೊಲೆಯ ಮಟ್ಟಕ್ಕೆ ಬಂದಿತ್ತು, ಅದನ್ನು ಒಂದು ಗೇಣು ತಗ್ಗಿಸಿದೆ. ಈ ಒಂದು ಕೆಲಸಕ್ಕೆ ಸಲಿಕೆ ಮತ್ತು ಬೆನ್ನು ಬಿಟ್ಟರೆ ಖರ್ಚಿಲ್ಲ, ಫಲ ಮಾತ್ರ ದೊಡ್ಡದು.

ಮೊದಲ ವರ್ಷದ ಸುಣ್ಣದ ಗಿಲಾವು ನಿಲ್ಲಲಿಲ್ಲ. ಗುತ್ತಿಗೆದಾರರು ಬೇಸಿಗೆಯಲ್ಲಿ ಬರುವುದಾಗಿ ಹೇಳಿ ಅಕ್ಟೋಬರ್ ಕೊನೆಗೆ ಬಂದರು. ಬೇಡವೆಂದರೂ, ಬಟ್ಟೆ ಹೊದಿಸಿದರೆ ಸಾಕೆಂದು ಬಳಿದರು. ನವೆಂಬರ್‌ನ ಹಿಮಕ್ಕೆ ಗಿಲಾವಿನೊಳಗಿನ ನೀರು ಹೆಪ್ಪುಗಟ್ಟಿತು, ಮಾರ್ಚ್ ಹೊತ್ತಿಗೆ ಇಡೀ ಪದರ ಹಪ್ಪಳದಂತೆ ಎದ್ದು ಬಿತ್ತು. ಐದಾರು ಸಾವಿರ ಪೌಂಡ್ ಮಣ್ಣುಪಾಲಾಯಿತು, ಅದರಲ್ಲಿ ಅರ್ಧವನ್ನು ಮಾತ್ರ ಮರಳಿ ಪಡೆದೆ. ಊರಿನವರು ಸುಣ್ಣದ ಮೇಲೆ ಮೂಗು ಮುರಿದದ್ದು ಆಗಲೇ. ಮುಂದಿನ ಮೇ ತಿಂಗಳಲ್ಲಿ ಬೇರೆ ಇಬ್ಬರು ಕೆಲಸಗಾರರ ಜೊತೆ ನಾನೇ ನಿಂತು, ಸೀಳಿದ ಚೆಸ್ಟ್‌ನಟ್ ರೀಪುಗಳ ಮೇಲೆ ಆಡಿನ ಕೂದಲು ಬೆರೆಸಿದ ಸುಣ್ಣವನ್ನು ಮೂರು ಪದರವಾಗಿ ಹಾಕಿದೆ. ಪ್ರತಿ ಪದರದ ನಡುವೆ ಗೋಡೆಗೆ ಗೋಣಿತಾಟು ಇಳಿಬಿಟ್ಟು ನೀರು ಚಿಮುಕಿಸುತ್ತಿದ್ದೆವು. ನೀರಿನೊಡನೆ ಸೇರಿಯೇ ಗಟ್ಟಿಯಾಗುವ ಹೈಡ್ರಾಲಿಕ್ ಸುಣ್ಣ ಬೇಗ ಗಟ್ಟಿಯಾಗುತ್ತದೆಂದು ಹಲವರು ಹೇಳಿದರು; ಅಲುಗುವ ಚೌಕಟ್ಟಿಗೆ ಅದು ತೀರಾ ಗಟ್ಟಿ ಎಂಬುದು ನನ್ನ ಅನುಭವ, ಪಶ್ಚಿಮದ ಗೋಡೆಯಲ್ಲಿ ಪರೀಕ್ಷೆಗೆ ಹಾಕಿದ ಪಟ್ಟಿ ಒಂದೇ ವರ್ಷದಲ್ಲಿ ಕೂದಲೆಳೆಯ ಬಿರುಕು ಬಿಟ್ಟಿತು. ಕೂದಲನ್ನು ಎಷ್ಟು, ಯಾವ ಹಂತದಲ್ಲಿ ಬೆರೆಸಬೇಕೆಂಬುದು ನನ್ನ ಬಳಿಯೇ ಇರಲಿ.

ಸುಣ್ಣದ ಜೊತೆಗೆ ಒಂದು ಅಡ್ಡಪ್ರಯೋಗವನ್ನೂ ಮಾಡಿದೆ. ನಮ್ಮ ಕಡೆ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಬೆರೆಸುತ್ತಿದ್ದದ್ದು ಎಲ್ಲರಿಗೂ ಗೊತ್ತು. ಇಪ್ಸ್‌ವಿಚ್‌ನ ಭಾರತೀಯ ಅಂಗಡಿಯಿಂದ ಬೆಲ್ಲ ತಂದು, ಕೊಟ್ಟಿಗೆಯ ಹಿಂಬದಿಯಲ್ಲಿ ಪಕ್ಕಪಕ್ಕ ಹಲಗೆಗಳನ್ನಿಟ್ಟು ಬೆಲ್ಲದ್ದೊಂದು, ಹಸುವಿನ ಕೊಬ್ಬು ಬೆರೆಸಿದ ಇಲ್ಲಿನ ರೂಢಿಯದೊಂದು, ಕೆನೆ ತೆಗೆದ ಹಾಲಿನದೊಂದು, ಬರಿಯ ಸುಣ್ಣದ್ದೊಂದು ಬಳಿದೆ. ಬೆಲ್ಲದ ಗಾರೆ ಹದವಾಗಿ ಹರಿಯಿತು, ಮೊದಮೊದಲು ಎಲ್ಲಕ್ಕಿಂತ ನುಣುಪಾಗಿ ಕಂಡಿತು. ಆದರೆ ಇಲ್ಲಿನ ಚಳಿಗಾಲದಲ್ಲಿ ಗೋಡೆ ವಾರಗಟ್ಟಲೆ ಒಣಗುವುದಿಲ್ಲ. ಡಿಸೆಂಬರ್ ಹೊತ್ತಿಗೆ ಆ ಹಲಗೆಯ ಮೇಲೆ ಕಪ್ಪು ಚುಕ್ಕೆಗಳು ಎದ್ದವು. ಬಿಸಿಲಿನಲ್ಲಿ ಬೇಗ ಒಣಗುವ ನಾಡಿಗೆ ಹೊಂದಿದ ವಿಧಾನ ಇಲ್ಲಿಗೆ ಹೊಂದಲಿಲ್ಲ. ಒಳಗಿನ ಒಂದು ಗೋಡೆಗೆ, ಚಿಮಣಿಯ ಬಿಸಿ ತಾಗುವಲ್ಲಿ, ಬೆಲ್ಲದ ಗಾರೆಯನ್ನೇ ಹಾಕಿದ್ದೇನೆ, ಅಲ್ಲಿ ಅದು ಅದ್ಭುತವಾಗಿದೆ. ಹೊರಗೋಡೆಗೆ ಕೊಬ್ಬಿನ ಸುಣ್ಣವೇ ಗೆದ್ದಿತು. ಸಫೋಕ್‌ನ ಹೆಸರಾಂತ ಗುಲಾಬಿ ಬಣ್ಣವನ್ನು ಕೆಮ್ಮಣ್ಣಿನಿಂದ ಕೊಟ್ಟೆ. ಬಳಿಯುವಾಗ ಗಾಢವಾಗಿ ಕಂಡದ್ದು ಒಣಗಿದ ಮೇಲೆ ಅರ್ಧಕ್ಕರ್ಧ ತಿಳಿಯಾಯಿತು.

ಎಲ್ಲಕ್ಕಿಂತ ಹೆಚ್ಚು ಅಪನಂಬಿಕೆ ಎದುರಾದದ್ದು ಕೊಟ್ಟಿಗೆಯ ಮಣ್ಣುಗಟ್ಟಿಯ ಗೋಡೆಯ ವಿಷಯದಲ್ಲಿ. ಸಿಮೆಂಟ್ ಹೊದ್ದ ಆ ಗೋಡೆ ಒಳಗೊಳಗೇ ನೀರು ಕುಡಿದಿತ್ತು. ಒಂದು ಫೆಬ್ರವರಿಯಲ್ಲಿ ದೀರ್ಘ ಮಳೆಯ ನಂತರ ಬುಡ ಮೆತ್ತಗಾಗಿ ಹತ್ತಡಿ ಉದ್ದದ ಭಾಗ ಕುಸಿದು ಹೊರಗೆ ಚೆಲ್ಲಿತು; ಸಿಮೆಂಟ್ ಗಿಲಾವು ಮಾತ್ರ ತಂತಿಬಲೆಯ ಆಸರೆಯಲ್ಲಿ ಹಾಗೆಯೇ ನಿಂತಿತ್ತು. ನೋಡಿದವರೆಲ್ಲ ಕಾಂಕ್ರೀಟ್ ಬ್ಲಾಕ್ ಕಟ್ಟಿಬಿಡಿ ಎಂದರು. ಹೊಸ ಬ್ಲಾಕಿಗೂ ಪಕ್ಕದ ಹಳೆಯ ಮಣ್ಣಿಗೂ ಹೊಂದಿಕೆಯಾಗದೆ ಮುಂದಿನ ಹತ್ತಡಿಯೂ ಬೀಳುತ್ತದೆಂದು ನನಗೆ ಖಾತ್ರಿಯಿತ್ತು. ಬಿದ್ದ ಮಣ್ಣನ್ನೇ ಒಟ್ಟುಮಾಡಿ, ಬಾಟಲಿಯಲ್ಲಿ ನೀರು ಹಾಕಿ ಕುಲುಕಿ ಜೇಡಿ, ಮರಳು, ಕಲ್ಲುಗಳ ಪಾಲು ನೋಡಿಕೊಂಡು, ಬಾರ್ಲಿ ಹುಲ್ಲು ಸೇರಿಸಿ ತುಳಿದು, ಓಕ್ ಅಚ್ಚಿನಲ್ಲಿ ಹಳೆಯ ಅಳತೆಯ ಗಟ್ಟಿಗಳನ್ನು ಹಾಕಿದೆ. ಬೇಸಿಗೆ ಪೂರ್ತಿ ಅವು ಮಾಡಿನಡಿಯಲ್ಲಿ ಒಣಗಿದವು, ವಾರಕ್ಕೊಮ್ಮೆ ಮಗ್ಗುಲು ಬದಲಿಸುತ್ತಿದ್ದೆ. ಮೊದಲ ರಾಶಿಯ ಕಾಲುಭಾಗ ಬಿರುಕು ಬಿಟ್ಟಿತು. ಹುಲ್ಲು ಹೆಚ್ಚಿಸಿದ ಮೇಲೆ ಸರಿಹೋಯಿತು. ಮಣ್ಣಿಗೆ ಖರ್ಚಿಲ್ಲ, ಹುಲ್ಲಿಗೆ ನೂರು ಪೌಂಡ್, ಚಕಮಕಿ ಕಲ್ಲು ಮತ್ತು ಇಟ್ಟಿಗೆಯ ಹೊಸ ಬುಡಕ್ಕೆ ಎರಡು ಸಾವಿರ. ಬ್ಲಾಕಿನ ಅಂದಾಜು ಏಳು ಸಾವಿರವಿತ್ತು. ಹಳೆಯವರು ಹೊರಮೈಗೆ ಡಾಂಬರು ಬಳಿದು ಮರಳು ಎರಚುತ್ತಿದ್ದ ರೂಢಿಯನ್ನು ಮಾತ್ರ ನಾನು ಕೈಬಿಟ್ಟು, ಮಣ್ಣಿನ ಗಿಲಾವಿನ ಮೇಲೆ ಸುಣ್ಣ ಹೊಡೆದೆ.

ಚೌಕಟ್ಟಿನ ನಡುವಿನ ತಡಿಕೆಗಳಲ್ಲಿ ಮುಕ್ಕಾಲು ಪಾಲು ಹಾಗೆಯೇ ಉಳಿದವು. ಹೋದ ಕಡೆ ಹೇಝಲ್ ಕಡ್ಡಿಗಳನ್ನು ಚಳಿಗಾಲದಲ್ಲಿ ಕಡಿದು ಹೆಣೆದು, ಸಗಣಿ ಬೆರೆಸಿದ ಮಣ್ಣನ್ನು ಇಬ್ಬರು ಎರಡೂ ಕಡೆಯಿಂದ ಏಕಕಾಲಕ್ಕೆ ಮೆತ್ತಿದೆವು. ತೊಲೆಗಳ ಕಪ್ಪು ಬಣ್ಣವನ್ನು ಕೆರೆಯದೆ, ಮೆತ್ತಗಾಗಿಸುವ ಲೇಪ ಹಚ್ಚಿ ಬಿಡಿಸಿದೆ. ನೆಲದ ಕಾಂಕ್ರೀಟನ್ನು ಹಾಲ್‌ನಲ್ಲಿ ಮಾತ್ರ ಒಡೆದು, ಸುಣ್ಣದ ಹಾಸಿನ ಮೇಲೆ ಈ ಸೀಮೆಯ ಪ್ಯಾಮೆಂಟ್ ಎಂಬ ಮಣ್ಣಿನ ಬಿಲ್ಲೆಗಳನ್ನು ಹಾಸಿದ್ದೇನೆ.

ಒಟ್ಟು ಲೆಕ್ಕ ನೆನಪಿನಿಂದ ಹೇಳುವುದಾದರೆ ಅರವತ್ತು ಸಾವಿರ ಪೌಂಡ್‌ನ ಆಸುಪಾಸು, ಐದು ವರ್ಷಗಳಲ್ಲಿ ಹರಡಿದ್ದು. ಅದರಲ್ಲಿ ಗಿಲಾವು ಮತ್ತು ಬಡಗಿಯ ಕೆಲಸವೇ ಮುಕ್ಕಾಲು ಪಾಲು. ಹಳೆಯ ಕಟ್ಟಡದ ದುರಸ್ತಿಗೆ ಶೇ. 20ರ ವ್ಯಾಟ್ ಕಟ್ಟಬೇಕು; ಅನುಮತಿ ಪಡೆದ ಮಾರ್ಪಾಡುಗಳಿಗಿದ್ದ ವಿನಾಯಿತಿಯೂ 2012ರ ಅಕ್ಟೋಬರ್‌ನಲ್ಲಿ ಹೋಯಿತು. ಹೊಸ ಮನೆ ಕಟ್ಟುವವರಿಗೆ ಈ ತೆರಿಗೆ ಸೊನ್ನೆ. ಇದ್ದ ಮನೆಯನ್ನು ಉಳಿಸುವವನಿಗೆ ದಂಡ, ಹೊಸದಾಗಿ ಕಟ್ಟುವವನಿಗೆ ರಿಯಾಯಿತಿ ಎಂಬ ಈ ಏರ್ಪಾಡು ಅನ್ಯಾಯವೆಂದೇ ನನ್ನ ಭಾವನೆ. ಸುಣ್ಣ, ಮಣ್ಣು, ನಕ್ಷೆಯ ಕೆಲಸವನ್ನು ಸ್ವತಃ ಮಾಡದಿದ್ದರೆ ಖರ್ಚು ಒಂದು ಲಕ್ಷವನ್ನು ದಾಟುತ್ತಿತ್ತು. ವಿಲಿಯಂ ಮಾರಿಸ್ ಮತ್ತವರ ಗೆಳೆಯರು 1877ರಲ್ಲಿ ಸ್ಥಾಪಿಸಿದ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘ ಇಂದಿಗೂ ಮನೆಯೊಡೆಯರಿಗೆ ತರಬೇತಿ ನಡೆಸುತ್ತದೆ. ಅಲ್ಲಿ ಕಳೆದ ವಾರಾಂತ್ಯಕ್ಕೆ ಕೊಟ್ಟ ಹಣದಷ್ಟು ಚೆನ್ನಾಗಿ ಬೇರಾವ ಹಣವೂ ದುಡಿಯಲಿಲ್ಲ.

ಈ ಫೆಬ್ರವರಿಯಲ್ಲಿ ಮೀಟರ್ ಒತ್ತಿದಾಗ ಉತ್ತರದ ತಳತೊಲೆ 17, ಹೊಸ ಓಕ್ 16, ಚಿಮಣಿಯ ಹಿಂದಿನ ಮೂಲೆ ಮಾತ್ರ 20 ತೋರಿಸಿತು. ಹಿಂದೆ ತಲೆಯಾಡಿಸಿದ್ದ ಬಿಲ್ಡರ್ ತನ್ನ ಇಬ್ಬರು ಹುಡುಗರನ್ನು ಕರೆತಂದು ಗಿಲಾವು ಮುಟ್ಟಿ ನೋಡಿಸಿಕೊಂಡು ಹೋದರು, ಪಕ್ಕದ ಓಣಿಯ ಎರಡು ಮನೆಯವರು ಸಿಮೆಂಟ್ ಕೀಳಲು ಅನುಮತಿ ಕೇಳಿದ್ದಾರೆ. ಚಿಮಣಿಯ ಮೂಲೆಯ ಆ 20ಕ್ಕೆ ಕಾರಣ ಮಾಡಿನ ಮೇಲೆ ಚಿಮಣಿಯೂ ಹೆಂಚೂ ಕೂಡುವಲ್ಲಿ 1970ರ ದಶಕದವರು ತುಂಬಿದ ಸಿಮೆಂಟ್ ಮುಚ್ಚುಗೆ. ಅದನ್ನು ತೆಗೆದು ಸೀಸದ ತಗಡು ಮಡಿಸಿ ಕೂರಿಸಲು ಜೂನ್‌ಗೆ ಸಾರುವೆ ಕಟ್ಟಿಸಲಿದ್ದೇನೆ. ಸಾರುವೆಗೇ ಎರಡೂವರೆ ಸಾವಿರ ಕೇಳಿದ್ದಾರೆ, ಆದ್ದರಿಂದ ಅದು ನಿಂತಿರುವಾಗಲೇ ಹಾಲ್‌ನ ಮಾಡಿನ ಜಾರಿದ ಹೆಂಚುಗಳನ್ನೂ ಓಕ್ ಆಣಿ ಹಾಕಿ ಮರುಕೂರಿಸಬೇಕೆಂದು ಬಡಗಿಗೆ ಹೇಳಿಟ್ಟಿದ್ದೇನೆ.